ಶುಕ್ರವಾರದ ಸುದ್ದಿ

ಶುಕ್ರವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ನನ್ನ ಮೊಬೈಲು ಟಣ್ ಎನ್ನುತ್ತದೆ. ಆಗ ನಾನು ಏನು ಮಾಡುತ್ತಿದ್ದರೂ ಬಿಟ್ಟು ಏಳುತ್ತೇನೆ. ರೊಟ್ಟಿ ತಟ್ಟುತ್ತಿದ್ದರೆ ಹಿಟ್ಟಿನ ಕೈಯಲ್ಲೇ ಮೊಬೈಲು ಹಿಡಿಯುತ್ತೇನೆ. ಅದರ ಗಾಜಿನ ಮೇಲೆ ಜೋಳದ ಹಿಟ್ಟಿನ ಬೆರಳಚ್ಚುಗಳು ಯಾವಾಗಲೂ ಇರುತ್ತವೆ. ಬಂದದ್ದು ನಿಪ್ಪಾಣಿಯ ಸಿಸ್ಟರ್‌ಗಳ ಶಾಲೆಯ ವಾರದ ಸುದ್ದಿ. ಕಳೆದ ವಾರ ಏನೇನಾಯಿತು, ಬರುವ ವಾರ ಏನೇನಿದೆ ಎಂದು ಪಾಲಕರಿಗೆ ತಿಳಿಸುವುದು. ಎರಡನೇ ತರಗತಿಯವರು ಅಂಚೆ ಕಚೇರಿ ನೋಡಿ ಬಂದರು. ಸೋಮವಾರ ಹಲ್ಲಿನ ಡಾಕ್ಟರು ಬರುತ್ತಾರೆ. ಬುಧವಾರ ಚಿತ್ರಕಲೆ, ಹಳೆಯ ಅಂಗಿ ಹಾಕಿ ಕಳಿಸಿರಿ. ನೀರಿನ ಬಾಟಲಿಯ ಮೇಲೆ ಮಗುವಿನ ಹೆಸರು ಬರೆಯಿರಿ. ಎಲ್ಲವನ್ನೂ ಓದಿ, ಇನ್ನು ಯಾವ ಮಗುವಿನ ಹೆಸರು ಬರೆಯಲಿ ಎಂದು ಸುಮ್ಮನೆ ಕೂಡುತ್ತೇನೆ. ನನ್ನ ಮಗಳು ಅಕ್ಷತಾ ಆ ಶಾಲೆ ಬಿಟ್ಟು ವರ್ಷಗಳೇ ಆದವು. ಈಗ ಅವಳು ಬೆಳಗಾವಿಯ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಬಾಟಲಿಯನ್ನು ತಾನೇ ಕೊಳ್ಳುತ್ತಾಳೆ, ತಾನೇ ಕಳೆಯುತ್ತಾಳೆ.

ಪಾಲಕರ ಆ ವಾಟ್ಸಪ್ ಗುಂಪಿನಿಂದ ನಾನು ಎಂದೋ ಹೊರಬರಬೇಕಿತ್ತು. ಅಲ್ಲಿರುವ ತಾಯಂದಿರಲ್ಲಿ ಒಬ್ಬರ ಪರಿಚಯವೂ ನನಗಿಲ್ಲ. ಒಮ್ಮೆ ಬೆರಳು ಒತ್ತುವವರೆಗೂ ಹೋದೆ. ಹೊರಹೋಗುವುದು ಖಚಿತವೇ ಎಂದು ಮೊಬೈಲು ಕೇಳಿತು. ಅಷ್ಟು ನೇರವಾಗಿ ಕೇಳಿದರೆ ಯಾರು ತಾನೇ ಹೌದೆನ್ನುತ್ತಾರೆ, ಹೇಳಿ? ಸುಮ್ಮನಾದೆ. "ಮಗಳ ಸಾಲಿ ಮುಗೀತು, ನಿಂದ ಇನ್ನ ಮುಗದಿಲ್ಲ ನೋಡ," ಎಂದು ಮನೆಯವರು ನಗುತ್ತಾರೆ. ನಗಲಿ. ಶುಕ್ರವಾರ ಬಂತೆಂದರೆ ನನಗೆ ಇವತ್ತಿಗೂ ಕೂತಲ್ಲಿ ಕೂಡಲಾಗುವುದಿಲ್ಲ. ಅದಕ್ಕೆ ಕಾರಣ ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ನನ್ನ ತವರು ರಾಯಬಾಗದ ಕಡೆ. ಕೊಟ್ಟದ್ದು ಕೊಗನೊಳ್ಳಿಗೆ. ಕೊಗನೊಳ್ಳಿಯೆಂದರೆ ಕರ್ನಾಟಕದ ಹೊಸ್ತಿಲು. ನಮ್ಮ ಮನೆಯಲ್ಲಿ ಪಡಸಾಲೆಯಲ್ಲಿ ಕೂತರೆ ಮೊಬೈಲು ಸುಮ್ಮನಿರುತ್ತದೆ, ಹಿತ್ತಲಿಗೆ ಹೋದರೆ ಮಹಾರಾಷ್ಟ್ರಕ್ಕೆ ಸ್ವಾಗತ ಎನ್ನುತ್ತದೆ. ನನ್ನ ಅತ್ತೆಯವರ ಮಾತೂ ಹಾಗೆಯೇ. ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಟ್ಟುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಅರ್ಧ ಮಾತು ತಿಳಿದು ಅರ್ಧಕ್ಕೆ ತಲೆಯಾಡಿಸುತ್ತಿದ್ದೆ. ಹಾಗೆ ತಲೆಯಾಡಿಸಿ ಯಾವ ಯಾವ ಕೆಲಸ ಒಪ್ಪಿಕೊಂಡೆನೋ ದೇವರಿಗೇ ಗೊತ್ತು.

ಇಂಥ ಮನೆಯಲ್ಲಿ ಹುಟ್ಟಿದ ಅಕ್ಷತಾಳಿಗೆ ಮಾತಿನ ಬರವಿರಲಿಲ್ಲ. ಕರುವಿಗೆ ಎರಡೂ ಭಾಷೆಯಲ್ಲಿ ಬೈಯುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರು ಹೋದರೆ ಅಂಗಳದಿಂದಲೇ ಚಾಲಕನ ಜೊತೆ ಜಗಳ ತೆಗೆಯುತ್ತಿದ್ದಳು. ಆದರೆ ನಿಪ್ಪಾಣಿಯ ಶಾಲೆಯ ಗೇಟು ದಾಟಿದಳೋ, ಬಾಯಿಗೆ ಬೀಗ. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೇ. ಬರೆಯುವುದರಲ್ಲಿ ಮುಂದು, ಆಟದಲ್ಲಿ ಮುಂದು, ಆದರೆ ಒಂದು ಶಬ್ದವಿಲ್ಲ. ಒಂದನೇ ತರಗತಿ ಹೀಗೇ ಹೋಯಿತು, ಎರಡನೆಯದೂ ಹೋಯಿತು. "ಹುಡುಗಿಗೆ ಮಾತು ಬರ್ತಾವೋ ಇಲ್ಲೋ?" ಎಂದು ಒಬ್ಬ ಟೀಚರು ನನ್ನನ್ನೇ ಕೇಳಿದರು. ಅವತ್ತು ಸಂಜೆ ಮನೆಗೆ ಬಂದರೆ ಇವಳು ಅದೇ ಟೀಚರಿನ ದನಿ ಅನುಕರಿಸಿ ಅಜ್ಜಿಯನ್ನು ನಗಿಸುತ್ತಿದ್ದಳು.

ಈಗ ಶುಕ್ರವಾರಕ್ಕೆ ಬರೋಣ. ಆಗ ಗುಂಪು, ಮೆಸೇಜು ಇರಲಿಲ್ಲ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಐರಿನ್ ಮಂಗಳೂರು ಕಡೆಯವರು. ಅವರು ಒಂದು ಪದ್ಧತಿ ಹಾಕಿದ್ದರು. ಶುಕ್ರವಾರ ಕಡೆಯ ಗಂಟೆಗೆ ಮಕ್ಕಳೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಗೇಟಿನಾಚೆ ನಾವು ಪಾಲಕರು, ಸ್ಕೂಟಿ, ಮೋಟರ್‌ಸೈಕಲ್ಲು, ಟೆಂಪೊಗಳ ಜೊತೆ. ಮೂರು ಮಕ್ಕಳು ಮೈಕಿನ ಮುಂದೆ ಬಂದು ವಾರದ ಸುದ್ದಿಯನ್ನೂ ಬರುವ ವಾರದ ಕಾರ್ಯಕ್ರಮವನ್ನೂ ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಓದಬೇಕು. ಗಡಿಯಾಚೆಯಿಂದಲೂ ಮಕ್ಕಳು ಬರುತ್ತಿದ್ದರಲ್ಲ, ಅದಕ್ಕೆ. ಸುದ್ದಿ ಮುಗಿಯುವವರೆಗೆ ಗೇಟು ತೆರೆಯುವಂತಿಲ್ಲ. ಓದುವ ಪಾಳಿ ಹಾಜರಿಯ ಕ್ರಮದಲ್ಲಿ, ಯಾರಿಗೂ ವಿನಾಯಿತಿ ಇಲ್ಲ. ಅಕ್ಷತಾಳ ಹೆಸರು ಅ ಅಕ್ಷರದಿಂದ ಶುರು, ಆದ್ದರಿಂದ ಅವಳ ಪಾಳಿ ಬೇಗನೆ ಬರುತ್ತಿತ್ತು. ಹೆಸರಿಡುವಾಗ ಇದೆಲ್ಲ ಯಾರಿಗೆ ಹೊಳೆಯುತ್ತದೆ?

ಅವಳು ಮೈಕಿನ ಮುಂದೆ ಬಂದು ನಿಲ್ಲುವಳು. ಕಾಗದ ಎರಡೂ ಕೈಯಲ್ಲಿ ಹಿಡಿಯುವಳು. ಮೈಕಿನಲ್ಲಿ ಗಾಳಿಯ ಸದ್ದು ಮಾತ್ರ ಕೇಳುವುದು. ಗೇಟಿನ ಸರಳು ಹಿಡಿದು ನಾನು ಬೆವರುವೆ. ಸಿಸ್ಟರ್ ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ಕಾಯ್ದು, "ಆಯ್ತು ಮಗಾ, ಇನ್ನೊಂದು ಸಲ ನೋಡುವ," ಎಂದು ಕಾಗದ ತೆಗೆದುಕೊಂಡು ತಾವೇ ಓದುವರು. ಹಿಂದಿನಿಂದ ಯಾರೋ ಹಾರ್ನ್ ಹೊಡೆಯುವರು. ಆ ಹಾರ್ನ್ ಹೊಡೆದವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವಳ ಪಾಳಿ ಇಲ್ಲದ ವಾರವೂ ನಾನು ಕಾಯಿಪಲ್ಯೆ ತರುವ ನೆಪದಲ್ಲಿ ಸ್ಕೂಟಿ ಹತ್ತಿ ನಿಪ್ಪಾಣಿಗೆ ಹೋಗುತ್ತಿದ್ದೆ. ಸುದ್ದಿಯಲ್ಲಿ ಮಕ್ಕಳ ಹೆಸರು ಬರುತ್ತಿದ್ದವು. ಯಾರೋ ಚೆನ್ನಾಗಿ ಹಾಡಿದ್ದು, ಯಾರೋ ಬಿದ್ದವನನ್ನು ಎಬ್ಬಿಸಿದ್ದು. ಒಂದು ದಿನವಾದರೂ ನನ್ನ ಮಗಳು ಮಾತಾಡಿದಳು ಎಂಬ ಸುದ್ದಿ ಬಂದೀತೆಂದು ಕಿವಿ ನಿಮಿರಿಸಿ ನಿಲ್ಲುತ್ತಿದ್ದೆ. ಮನೆಯಲ್ಲಿ ಭಾವನವರು ಗಡುವು ಹಾಕಿದ್ದರು. "ಈ ಬ್ಯಾಸಗಿ ತನಕ ನೋಡೂನು. ಬಾಯಿ ಬಿಡಲಿಲ್ಲಂದ್ರ ಊರಾಗಿನ ಮರಾಠಿ ಸಾಲಿಗೆ ಹಾಕೂನು. ಅಲ್ಲಿ ಎಲ್ಲಾರೂ ನಮ್ಮವ್ರ ಅದಾರ, ಮಾತಾಡ್ತಾಳ." ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ನನಗೆ ಎದೆ ಒಡೆಯಿತು. ಅಕ್ಷತಾ ತನ್ನ ಗೆಳತಿಯರ ಪಕ್ಕದಲ್ಲಿ ಮಾತಿಲ್ಲದೆಯೇ ಎಷ್ಟು ಸುಖವಾಗಿ ಕೂಡುತ್ತಿದ್ದಳು ಎಂಬುದನ್ನು ನಾನು ನೋಡಿದ್ದೆ. ಅವಳನ್ನು ಅಲ್ಲಿಂದ ಎಬ್ಬಿಸುವುದು ನನಗೆ ಬೇಡವಾಗಿತ್ತು.

ಅವಳು ಮೂರನೇ ತರಗತಿಯಲ್ಲಿದ್ದಾಗಿನ ಮಾತು. ಒಂದು ಶುಕ್ರವಾರದ ಸುದ್ದಿಯಲ್ಲಿ, ಬರುವ ಬುಧವಾರ ಬೂದಿ ಬುಧವಾರ, ಸಿಸ್ಟರ್‌ಗಳಿಗೆ ಬೆಳಿಗ್ಗೆ ಪ್ರಾರ್ಥನೆ ಇದೆ, ಶಾಲೆ ಎಂದಿನಂತೆ ನಡೆಯುತ್ತದೆ ಎಂದು ಓದಿದರು. ಆ ಬುಧವಾರವೇ ಅತ್ತೆಯವರನ್ನು ಕಣ್ಣು ತೋರಿಸಲು ನಿಪ್ಪಾಣಿಗೆ ಕರೆದುಕೊಂಡು ಹೋಗಿದ್ದೆ. ಬರುವಾಗ ಮಗಳನ್ನೂ ಕರೆದುಕೊಳ್ಳೋಣವೆಂದು ಶಾಲೆಗೆ ಹೋದೆವು. ಗೇಟಿನ ಬಳಿ ಸಿಸ್ಟರ್ ಐರಿನ್ ನಿಂತಿದ್ದರು, ಹಣೆಯ ಮೇಲೆ ಬೂದಿಯ ಗುರುತು. ಡಾಕ್ಟರ ಮುಂದೆ ದೊಡ್ಡ ಅಕ್ಷರವೂ ಕಾಣದು ಎಂದಿದ್ದ ಅತ್ತೆಯವರಿಗೆ ಅದು ರಸ್ತೆಯ ಆಚೆಯಿಂದಲೇ ಕಂಡಿತು.

"ಅಯ್ಯ, ಸಿಸ್ಟರಬಾಯಿ ಹಣಿಗೆ ಈಬತ್ತಿ ಹಚ್ಚ್ಯಾಳಲ್ಲ!" ಎಂದು ಮೊದಲು ಹಿಗ್ಗಿದರು. ನಮ್ಮ ಕಡೆ ವಿಭೂತಿಗೆ ಈಬತ್ತಿ ಎನ್ನುತ್ತೇವೆ, ಅದನ್ನು ಹಚ್ಚದೆ ಅತ್ತೆಯವರು ಚಹಾ ಸಹ ಕುಡಿಯುವವರಲ್ಲ. ಹತ್ತಿರ ಹೋದಮೇಲೆ ಅವರ ಮುಖ ಸಪ್ಪಗಾಯಿತು. ದಾರಿಯುದ್ದಕ್ಕೂ ಅದೇ ಮಾತು. "ಹಿಂಗ್ಯಾಕ ಕರ್ರಗ ಐತಿ? ಸರಿ ಸುಟ್ಟಿಲ್ಲ, ಸೋಸಿಲ್ಲ. ಪಾಪ, ಮನಿ ಮಾರು ಬಿಟ್ಟ ಬಂದಾವ್ರು, ಹೇಳಾವ್ರು ಯಾರದಾರ?"

"ಅದು ಅವ್ರ ಪದ್ಧತಿರಿ ಅತ್ತಿ," ಎಂದೆ.

"ಪದ್ಧತಿ ಇರಲಿ ಬೇ. ಬೂದಿ ಅಂದ್ಮ್ಯಾಲ ಬೆಳ್ಳಗಿರಬೇಕು."

ಮರುದಿನ ಬೆಳಿಗ್ಗೆ ಒಂದು ಗಟ್ಟಿ ಈಬತ್ತಿಯನ್ನು ಕಾಗದದಲ್ಲಿ ಸುತ್ತಿ ಮೊಮ್ಮಗಳ ಚೀಲದಲ್ಲಿಟ್ಟರು. ಸಿಸ್ಟರಬಾಯಿಗೆ ಏನು ಹೇಳಬೇಕೆಂದು ಕಿವಿಯಲ್ಲಿ ಹೇಳಿಕೊಟ್ಟರು. ಇವಳು ಅಲ್ಲಿ ಬಾಯಿ ಬಿಡುವುದಿಲ್ಲ, ಯಾರು ಹೇಳುತ್ತಾರೆ ಎಂದು ನಾನು ತಲೆ ಚಚ್ಚಿಕೊಂಡೆ. "ಹೇಳ್ತಾಳ ಬಿಡ," ಎಂದು ಅತ್ತೆಯವರು ಕೊಟ್ಟಿಗೆಗೆ ನಡೆದರು. ಆ ದಿನ ನಾನು ಪಟ್ಟ ಪಾಡು ಬೇಡ. ಹೇಳದೆ ಕೊಟ್ಟರೆ ಸಿಸ್ಟರ್ ಅದನ್ನು ಸೀಮೆಸುಣ್ಣವೆಂದುಕೊಂಡು ಬೋರ್ಡಿನ ಮೇಲೆ ಬರೆದಾರು. ಹೇಳಿ ಕೊಟ್ಟರೆ, ಇದೇನು ನಮ್ಮ ಧರ್ಮದಲ್ಲಿ ಹುಳುಕು ಹುಡುಕುತ್ತಾರೆಯೇ ಎಂದು ಸಿಟ್ಟಾದಾರು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಂಗಳ ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ.

ಮಧ್ಯಾಹ್ನ ಕ್ಲಾಸ್ ಟೀಚರ ಫೋನ್ ಬಂತು. ಕಸಬರಿಗೆ ಬಿಸುಟು ಎತ್ತಿಕೊಂಡೆ. "ಅಕ್ಷತಾ ಮಾತಾಡಿದ್ಲರಿ! ಸಿಸ್ಟರ್ ಮುಂದ! ನಾನ ಬಾಗಿಲದಾಗ ನಿಂತ ಕೇಳೀನಿ!" ಎಂದರು. ಅವಳು ಆಫೀಸಿಗೆ ಹೋಗಿ ಪೊಟ್ಟಣವನ್ನು ಟೇಬಲ್ಲಿನ ಮೇಲಿಟ್ಟು, ಥೇಟ್ ಅಜ್ಜಿಯ ದನಿಯಲ್ಲಿ ಹೇಳಿದಳಂತೆ: "ನಿಮ್ಮ ಬೂದಿ ಸರಿ ಸುಟ್ಟಿಲ್ಲಂತ. ಸೋಸಿಲ್ಲಂತ. ಇದನ್ನ ಹಚ್ಕೋಬೇಕಂತ. ಆಜಿ ಹೇಳ್ಯಾಳ."

ಫೋನ್ ಹಿಡಿದುಕೊಂಡೇ ನಾನು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿದ್ದು ನೆನಪಿಲ್ಲ.

ಸಿಸ್ಟರ್ ಸಿಟ್ಟಾಗಿರಲಿಲ್ಲ. ಅದು ಹೋದ ವರ್ಷದ ಗರಿಗಳ ಹಬ್ಬದ ತೆಂಗಿನ ಗರಿ ಸುಟ್ಟದ್ದೆಂದೂ, ಬೆಳ್ಳಗಾಗಬೇಕಾದರೆ ಏನು ಮಾಡಬೇಕೆಂದು ಆಜಿಯನ್ನು ಕೇಳಿ ಬಾ ಎಂದೂ ಹೇಳಿ ಕಳಿಸಿದ್ದರು. "ಗರಿ ಸುಟ್ರ ಬೆಳ್ಳಗ ಎಲ್ಲಿಂದ ಬರ್ತೈತಿ!" ಎಂದು ಅತ್ತೆಯವರು ಸಗಣಿಯ ಕುಳ್ಳು ಸುಡುವುದು, ನೀರಿನಲ್ಲಿ ಕದಡುವುದು, ಬಟ್ಟೆಯಲ್ಲಿ ಸೋಸುವುದು ಎಲ್ಲವನ್ನೂ ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳಿಗೆ ಪಾಠ ಮಾಡಿದರು. ಅವಳು ಅದನ್ನೂ ಒಯ್ದು ಮುಟ್ಟಿಸಿದಳು.

ಅಂದು ಶುಕ್ರವಾರ. ನಾನು ಇಳಕಲ್ ಸೀರೆ ಉಟ್ಟು ಹೋಗಿ ಎಲ್ಲರಿಗಿಂತ ಮುಂದೆ ಗೇಟು ಹಿಡಿದು ನಿಂತೆ. ಪಕ್ಕದವರಿಗೆ, "ಇವತ್ತ ಲಕ್ಷ ಕೊಟ್ಟ ಕೇಳ್ರಿ," ಎಂದೂ ಹೇಳಿಟ್ಟಿದ್ದೆ. ಸುದ್ದಿ ಬಂತು. ಕೊಕ್ಕೊದಲ್ಲಿ ನಾಲ್ಕನೇ ತರಗತಿ ಗೆದ್ದಿದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗಿದೆ, ಕಬ್ಬು ಕಡಿಯಲು ಬಂದ ಕುಟುಂಬಗಳಿಗೆ ಕೊಡಲು ಮಕ್ಕಳು ಒಂದೊಂದು ಹಿಡಿ ಜೋಳ ತರಬೇಕು. ಎಡಗಾಲಿನ ಒಂದು ಬೂಟು ಸಿಕ್ಕಿದೆ. ಮುಗಿಯಿತು. ಗೇಟು ತೆರೆಯಿತು.

ನಾನು ನೇರ ಸಿಸ್ಟರ್ ಬಳಿ ಹೋದೆ. "ಸಿಸ್ಟರ್, ಎಡಗಾಲಿನ ಬೂಟ ಹೇಳಿದ್ರಿ, ನನ್ನ ಮಗಳ ಸುದ್ದಿ ಹೇಳಲಿಲ್ಲಲ್ರಿ?"

ಅವರು ನಕ್ಕರು. "ಅವಳು ಮಾತಾಡಿದ್ದು ನನ್ನ ಹತ್ರ ಅಲ್ವಾ? ಊರಿನ ಹತ್ರ ಅಲ್ಲ."

ನನಗೆ ಸಿಟ್ಟು ಬಂತು. ಅಷ್ಟು ವರ್ಷ ಕಾಯ್ದ ತಾಯಿಗೆ ಮೈಕಿನಲ್ಲಿ ಒಂದು ಸಾಲು ದಕ್ಕಬಾರದೇ? ಕೊತ್ತಂಬರಿ ಮಾರುವವಳ ಜೊತೆ ವಿನಾಕಾರಣ ಜಗಳವಾಡಿ ಮನೆಗೆ ಬಂದೆ.

ಅಜ್ಜಿ ಮತ್ತು ಸಿಸ್ಟರರ ನಡುವಿನ ಈ ವ್ಯವಹಾರ ನಿಲ್ಲಲಿಲ್ಲ. ಬೂದಿ ಮುಗಿದು ಮಂಡಿನೋವಿಗೆ, ಮಂಡಿನೋವು ಮುಗಿದು ಉಪ್ಪಿನಕಾಯಿಗೆ ಬಂತು. ಮಗಳು ಆಫೀಸಿನಲ್ಲಿ ಮಾತಾಡತೊಡಗಿದಳು, ಆಮೇಲೆ ಮೆಟ್ಟಿಲ ಮೇಲೆ, ಆಮೇಲೆ ಗೆಳತಿಯರ ಜೊತೆ. ಮೈಕಿನ ಮುಂದೆ ಮಾತ್ರ ಇಲ್ಲ. ಬೇಸಿಗೆಯಲ್ಲಿ ಭಾವನವರು ಮರಾಠಿ ಶಾಲೆಯ ಮಾತೆತ್ತಿದಾಗ ಅತ್ತೆಯವರೇ ತಡೆದರು. "ಅಕಿ ನಿಪ್ಪಾಣಿಗೆ ಹೋಗಲಿಲ್ಲಂದ್ರ ಸಿಸ್ಟರಬಾಯಿಗೆ ನನ್ನ ನಿರೋಪ ಯಾರು ಮುಟ್ಟಸ್ತಾರ?" ಅಲ್ಲಿಗೆ ಆ ಮಾತು ಮುಗಿಯಿತು.

ಮುಂದಿನ ವರ್ಷ ಮಳೆಗಾಲದಲ್ಲಿ ತವರಿನ ಮದುವೆಗೆಂದು ನಾನು ರಾಯಬಾಗಕ್ಕೆ ಹೋದೆ. ನಾನು ತಪ್ಪಿಸಿಕೊಂಡದ್ದು ಅದೊಂದೇ ಶುಕ್ರವಾರ. ತಿರುಗಿ ಬಂದಾಗ ಶಾಲೆಯ ವ್ಯಾನಿನವನು ಹೇಳಿದ, "ವಹಿನಿ, ನಿಮ್ಮ ಹುಡುಗಿ ಏನ್ ಓದಿದ್ಲರಿ ಮೈಕಿನ್ಯಾಗ! ರಸ್ತಾ ತನಕ ಕೇಳ್ತಿತ್ತು." ಊರಿಗೆಲ್ಲ ಕೇಳಿಸಿತ್ತು, ನನಗೊಬ್ಬಳಿಗೆ ಇಲ್ಲ. ಮನೆಯಲ್ಲಿ ಅವಳನ್ನು ಮುದ್ದು ಮಾಡಿ, ಬೆಲ್ಲ ಕೊಟ್ಟು, ಒಂದು ಸಲ ಓದಿ ತೋರಿಸು ಎಂದು ಗೋಗರೆದೆ. "ಅದು ಹ್ವಾದ ವಾರದ ಸುದ್ದಿ, ಮಮ್ಮಿ," ಎಂದಳು.

ಸಿಸ್ಟರ್ ಐರಿನ್ ವರ್ಗವಾಗಿ ಹೋಗಿ ಬಹಳ ಕಾಲವಾಯಿತು. ಅವರ ಜಾಗಕ್ಕೆ ಬಂದವರು ಈ ಗುಂಪು ಮಾಡಿದರು.

ಮೊನ್ನೆ ಗುರುವಾರ ಅಕ್ಷತಾ ಹೇಳದೆ ಕೇಳದೆ ಬೆಳಗಾವಿಯಿಂದ ಬಂದಿಳಿದಳು. ರಜೆ ಇರಲಿಲ್ಲ. ಏನೆಂದು ಕೇಳಿದರೆ, "ಸುಮ್ನ ಬಂದೆ" ಎಂದಳು. ಮುಖ ಬಾಡಿತ್ತು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಶುಕ್ರವಾರ ಸಂಜೆ ನಾನು ಭಜಿ ಕರಿಯುತ್ತಿದ್ದೆ, ಅವಳು ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದಳು. ಮೊಬೈಲು ಟಣ್ ಅಂದಿತು. ಅವಳೇ ಎತ್ತಿಕೊಂಡು, "ಇನ್ನೂ ಇದರಾಗ ಅದಿ ಏನ ನೀ?" ಎಂದು ನಕ್ಕು, ಚೇಷ್ಟೆಗೆ ಎದ್ದು ನಿಂತು ಮೈಕಿನ ಮುಂದೆ ಓದುವ ಹಾಗೆ ಎಲ್ಲವನ್ನೂ ಓದಿದಳು. ಹಲ್ಲಿನ ಡಾಕ್ಟರು, ಹಳೆಯ ಅಂಗಿ, ನೀರಿನ ಬಾಟಲಿ. ಎಂಥ ದನಿ ಅವಳದು! ಜಾಲರಿ ಸೌಟು ಹಿಡಿದ ಕೈ ಹಾಗೇ ನಿಂತಿತು.

"ನಾ ರಾಯಬಾಗಕ್ಕ ಹೋದಾಗ ಓದಿದ್ಯಲ್ಲ, ಹಿಂಗನ ಓದಿದ್ದೇನ?" ಎಂದೆ.

"ಹೂಂ."

"ಅವತ್ತ ಹೆಂಗ ಬಂತು ಬಾಯಿ?"

"ನೀ ಇರಲಿಲ್ಲಲ್ಲ ಮಮ್ಮಿ, ಅದಕ್ಕ." ಸಿಟ್ಟಿಲ್ಲದೆ, ಇನ್ನೊಂದು ಭಜಿ ಎತ್ತಿಕೊಳ್ಳುತ್ತ ಹೇಳಿದಳು. "ನೀ ಗೇಟಿನ್ಯಾಗ ನಿಂತಿರ್ತಿದ್ದಿ. ನನ್ನ ತುಟಿ ಅಲಗೂಕಿಂತ ಮೊದಲ ನಿನ್ನ ತುಟಿ ಅಲಗ್ತಿದ್ದುವು. ಅದನ್ನ ನೋಡಿದ್ರ ನನಗ ದನೀನ ಬರ್ತಿದ್ದಿಲ್ಲ."

ಎಣ್ಣೆಯಲ್ಲಿದ್ದ ಭಜಿ ಕರಕಲಾಯಿತು. ನೋವಾಯಿತು, ಇಲ್ಲವೆನ್ನಲಾರೆ. ಬೆಳಗಾವಿಯಲ್ಲಿ ಏನಾಯಿತು, ಯಾಕೆ ಬಂದೆ, ಯಾರಾದರೂ ಏನಾದರೂ ಅಂದರೇ ಎಂಬ ಪ್ರಶ್ನೆಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲಿ ಸಾಲು ಹಚ್ಚಿ ನಿಂತಿದ್ದವು. ಒಲೆ ಆರಿಸಿ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಕೂತಲ್ಲೇ ಕಾಲು ಕುಣಿಯುತ್ತಿತ್ತು. ಒಳಗೆ ಅವಳು ತಾಟು ತೊಳೆಯುವ ಸದ್ದು ಕೇಳಿತು, ನಿಂತಿತು. ತಿರುಗಿ ನೋಡಬಾರದೆಂದು ಹೆದ್ದಾರಿಯ ಲಾರಿಗಳ ಕಡೆಗೇ ಮುಖ ಮಾಡಿದೆ.

ಸ್ವಲ್ಪ ಹೊತ್ತಿಗೆ ಅವಳೇ ಬಂದು ಪಕ್ಕದಲ್ಲಿ ಕೂತಳು. ನಾನು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ.

"ಮಮ್ಮಿ," ಎಂದು ಶುರುಮಾಡಿದಳು.

ಕತ್ತಲಾಗುವವರೆಗೆ ಮಾತಾಡಿದಳು. ಏನು ಹೇಳಿದಳೆಂದು ನಾನು ಇಲ್ಲಿ ಬರೆಯುವುದಿಲ್ಲ.