ಕೆಂಪು ಕಣ್ಣಿನ ವರ

ಮೂವತ್ತು ದಾಟುವ ಮೊದಲೇ ನನ್ನ ಕಣ್ಣು ಒಣಗಿವೆ ಅಂದರೆ ನಮ್ಮ ಜವಳಗೇರಾದಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ಸದಾ ಕೆಂಪಗಿರುತ್ತಿದ್ದವು, ತುಸು ಗಾಳಿ ಸೋಕಿದರೆ ಸಾಕು ನೀರು ಸುರಿಸುತ್ತಿದ್ದವು. ಮದುವೆಯಾಗದ ಹುಡುಗನ ಕಣ್ಣು ಕೆಂಪಗಿದ್ದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ನಾನು ಕುಡಿತ ಮುಟ್ಟಿದವನಲ್ಲ. ಆದರೂ ಹೋಟೆಲಿನಲ್ಲಿ ಗೆಳೆಯರು ಚಹಾದ ಕಪ್ಪು ಕೈಗಿಡುತ್ತ, ರಾತ್ರಿಯದು ಇನ್ನೂ ಇಳಿದಿಲ್ಲವೇನು ಎಂದು ಕಾಲೆಳೆಯುತ್ತಿದ್ದರು.

ಕೆಲಸ ಸಿಂಧನೂರಿನಲ್ಲಿ, ಮದುವೆ ಆಲ್ಬಂ ತಯಾರಿಸುವ ಅಂಗಡಿಯಲ್ಲಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಯಾರದೋ ಮದುಮಗಳ ಮೊಡವೆ ಅಳಿಸುವುದು, ಯಾರದೋ ಮಾವನ ಹೊಟ್ಟೆ ಕರಗಿಸುವುದು. ಕಂಪ್ಯೂಟರ್ ಬಿಸಿಯಾಗಬಾರದೆಂದು ಹಾಕಿದ ಎ.ಸಿ. ನೇರ ನನ್ನ ಮುಖಕ್ಕೇ ಊದುತ್ತಿತ್ತು. ಸಂಜೆ ಬೈಕಿನಲ್ಲಿ ಊರಿಗೆ. ಭತ್ತದ ಕೊಯ್ಲು ನಡೆದಾಗ ರಸ್ತೆಯುದ್ದಕ್ಕೂ ಧೂಳು, ಹೊಟ್ಟು. ಆಗಲೂ ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡೇ ಓಡಿಸುವ ಖಯಾಲಿ ನನಗೆ. ಊಟವಾದ ಮೇಲೆ ಹಾಸಿಗೆಯಲ್ಲಿ ಮೊಬೈಲು. ಲಿಂಗಸುಗೂರಿನ ಕಣ್ಣಿನ ಡಾಕ್ಟರು ಇದನ್ನೆಲ್ಲ ಕೇಳಿ ನಕ್ಕುಬಿಟ್ಟರು. ಪರದೆ ನೋಡುವವರು ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆ, ಪಸೆ ಆರಿ ಕಣ್ಣು ಉರಿಯುತ್ತದೆ, ಉರಿ ತಾಳದೆ ನೀರು ಸುರಿಸುತ್ತದೆ, ಆ ನೀರು ಕಣ್ಣಲ್ಲಿ ನಿಲ್ಲದೆ ಹರಿದು ಹೋಗಿ ಕಣ್ಣು ಒಣಗಿಯೇ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಕಣ್ಣಿಗೆ ಬಿಡುವ ಹನಿ ಬರೆದುಕೊಟ್ಟರು. ನೆನಪಾದಾಗ ಹಾಕಿಕೊಳ್ಳುತ್ತಿದ್ದೆ, ಅಂದರೆ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಮಸ್ಕಿಯ ಒಂದು ಸಂಬಂಧ ಬಂತು. ಕಿರಾಣಿ ಅಂಗಡಿಯವರು, ಲಿಂಗಪೂಜೆ ಆಗದೆ ನೀರೂ ಕುಡಿಯದ ಮನೆತನ. ಹುಡುಗಿಯ ಫೋಟೊ ನೋಡಿದ ದಿನವೇ ಮನಸ್ಸು ಅಲ್ಲಿಗೆ ಹೋಗಿಬಿಟ್ಟಿತ್ತು. ತಿದ್ದಬೇಕು ಅನ್ನಿಸದ ಫೋಟೊ ನಾನು ನೋಡಿದ್ದು ಅದೊಂದೇ. ಕನ್ಯೆ ನೋಡುವ ದಿನ ಅವ್ವ ಮತ್ತು ಅಪ್ಪ ಬಸ್ಸಿನಲ್ಲಿ ಹೋದರು. ನಾನು ಬೈಕಿನಲ್ಲಿ ಹೋದೆ, ಎದುರು ಗಾಳಿಗೆ ಮುಖವೊಡ್ಡಿಕೊಂಡು.

ಬಾಗಿಲಲ್ಲೇ ಹುಡುಗಿಯ ಸೋದರಮಾವ ನನ್ನನ್ನು ತಬ್ಬಿಕೊಂಡರು. ಮೊದಲ ಭೇಟಿಗೆ ಇಷ್ಟು ಪ್ರೀತಿಯೇ ಅಂದುಕೊಂಡರೆ, ಅವರ ಮೂಗು ನನ್ನ ಬಾಯಿಯ ಹತ್ತಿರವೇ ಇತ್ತು. ವಾಸನೆ ಏನೂ ಸಿಗದೆ ಕೈಬಿಟ್ಟರು. ಹುಡುಗಿ ಒಗ್ಗರಣೆ ಮಂಡಕ್ಕಿಯ ತಟ್ಟೆ ತಂದಿಟ್ಟು, ಪದ್ಧತಿಯಂತೆ ತಲೆ ತಗ್ಗಿಸಿ ಕೂತಳು. ಅವಳ ತಂದೆಗೆ ಮಾತ್ರ ಇನ್ನೂ ಸಮಾಧಾನವಾಗಿರಲಿಲ್ಲ.

“ತಮ್ಮಾ, ಸಿಟ್ಟಾಗಬ್ಯಾಡ. ಕಣ್ಣು ಯಾಕ ಹಿಂಗ ಕೆಂಪಗ ಆಗ್ಯಾವ?”

“ಒಣಗ್ಯಾವ್ರೀ,” ಎಂದೆ. ಹೇಳುತ್ತಿದ್ದಂತೆಯೇ ಎರಡೂ ಕೆನ್ನೆಗಳ ಮೇಲೆ ನೀರು ಇಳಿಯಿತು.

ಅವರು ನನ್ನ ಒದ್ದೆ ಕೆನ್ನೆ ನೋಡಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಹೇಳುತ್ತ ಹೋದೆ. ಹೇಳಿದಷ್ಟೂ ಅದು ಸುಳ್ಳಿನ ಹಾಗೆಯೇ ಕೇಳಿಸುತ್ತಿತ್ತು. ವಿಚಾರ ಮಾಡಿ ತಿಳಿಸುತ್ತೇವೆ ಎಂದು ಅವರು ಎದ್ದರು. ಹಾಗೆಂದವರು ಮತ್ತೆ ತಿಳಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನನಗೆ ನಿಜವಾಗಿ ಅಳು ಬರುವಂತಾಯಿತು.

ಆಗ ಹುಡುಗಿ ಬಾಯಿ ಬಿಟ್ಟಳು.

“ಅಪ್ಪಾ, ಕುಡುದವರ ರೆಪ್ಪಿ ಜೋತು ಬಿದ್ದಿರ್ತಾವ. ಇವರು ಬಂದಾಗಿಂದ ನೋಡಾಕತ್ತೀನಿ, ರೆಪ್ಪೀನ ಬಡದಿಲ್ಲ. ಕಣ್ಣು ಒಣಗಲಾರದ ಏನು ಮಾಡ್ಯಾವು?”

ಸೋದರಮಾವ ಕೆಮ್ಮಿದರು. ಎದ್ದು ನಿಂತಿದ್ದ ತಂದೆ ನಿಧಾನವಾಗಿ ಮತ್ತೆ ಕೂತು, ಮಗಳ ಕಡೆ ತಿರುಗಿದರು.

“ಬಂದಾಗಿಂದ ನೋಡಾಕತ್ತೀಯೇನು?”

ಈಗ ಅವಳು ನಿಜವಾಗಿಯೂ ತಲೆ ತಗ್ಗಿಸಿದಳು. ತಂದೆ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಹೇಳಿದರು:

“ಸಕ್ರಿ ತಗೊಂಡು ಬಾ. ಬೀಗರ ಬಾಯಿ ಸಿಹಿ ಮಾಡೂಣು.”