ಒದ್ದೆಯಾಗದ ಲೋಟ

ಬೆಳಗ್ಗೆ ಹಾಲು ಕಾಯಿಸಿಟ್ಟು, ನನ್ನ ಹಿತ್ತಾಳೆ ಲೋಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಲಬುರ್ಗಿಯಲ್ಲಿ ಕಮಲಾಪುರದ ಮೋಟಾರು ಹತ್ತಿದೆ. ನಮ್ಮ ಚರ್ಚಿನಲ್ಲಿ ಪ್ರಭುಭೋಜನದ ದ್ರಾಕ್ಷಾರಸ ಕುಡಿಯಲು ಮನೆಮನೆಗೂ ಬೇರೆ ಲೋಟ.

ಕಮಲಾಪುರದ ಚರ್ಚಿನಲ್ಲಿ ಇದ್ದದ್ದು ಒಂದೇ ಬಟ್ಟಲು. ಹೊಸದಾಗಿ ಸೇರಿದವರೇ ಅದರಲ್ಲಿ ಮೊದಲು ಕುಡಿಯಬೇಕಂತೆ. ಇಂದಿನ ಹೊಸಬಳು ಊರಾಚೆಯ ಕೇರಿಯ ಶಾಂತವ್ವ. ಬಟ್ಟಲು ಹಿಡಿದು ಅವಳು ಪಾದ್ರಿಗಳ ತಾಯಿಯ ಕಡೆ ತಿರುಗಿದಳು.

"ಅವ್ವಾರ, ನನ್ನ ಎಂಜಲ ಇವ್ರು ಕುಡೀತಾರೇನ್ರೀ?"

ಅವರು ಗದರಿದರು. "ನೀ ಕುಡೀಲಿಲ್ಲಂದ್ರ ನಾವೆಲ್ಲಾ ಹಿಂಗೇ ಕುಂದರತೇವಿ. ಕುಡಿಯವ್ವಾ!"

ಅವಳು ಕುಡಿದಳು. ಮಡಿಲಲ್ಲಿದ್ದ ಲೋಟದ ಗಂಟನ್ನು ಕೆಳಗಿಟ್ಟು ನಾನೇ ಎದ್ದೆ. ಅವಳ ತುಟಿ ತಾಗಿದ ಕಡೆಯಿಂದಲೇ ಕುಡಿದೆ.

ಸಂಜೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡು ಮನೆಗೆ ಬಂದಾಗ ಪಕ್ಕದ ಮನೆಯ ರತ್ನಮ್ಮ ಗಂಟು ಬಿಚ್ಚಿ ನೋಡಿದರು.

"ಲೋಟಕ್ಕ ಒಂದು ಹನಿನೂ ತಾಗಿಲ್ಲಲ್ರೀ! ಚರ್ಚಿಗೆ ಹೋಗಿದ್ರೋ, ಬರೇ ಬಾಳೆಹಣ್ಣು ತರಾಕ ಹೋಗಿದ್ರೋ?"