ಮೂರನೇ ನೀರು

ಆಗ ನಾನು ಉಚ್ಚಂಗಿದುರ್ಗದ ಬಸ್ಸಿನ ಕಂಡಕ್ಟರ್. ಮೈಮೇಲೆ ಅಮ್ಮನ ಗುಳ್ಳೆ ಎದ್ದವರು ಮೂರು ಸಲ ಬೇವಿನ ನೀರು ಹಾಕಿಸಿಕೊಳ್ಳುವವರೆಗೆ ಮನೆ ಬಿಟ್ಟು ಹೊರಬರುವಂತಿರಲಿಲ್ಲ. ಅಂಥವಳೊಬ್ಬಳು ಬಸ್ಸಿಗೆ ಕೈ ಮಾಡಿದಳು. ಮುಖದ ತುಂಬ ಒಣಗಿದ ಗುಳ್ಳೆ.

"ಎರಡು ನೀರು ಆಗ್ಯಾವಣ್ಣ. ಕೂಸಿಗೂ ಅಮ್ಮ ಎದ್ದು ಹರಪನಹಳ್ಳಿ ದವಾಖಾನ್ಯಾಗ ಐತಿ. ಮುಟ್ಟಾಕ ಎಲ್ಲಾರೂ ಅಂಜತಾರ. ನನಗ ಬಂದು ಹೋಗೈತಿ, ಇನ್ನ ಬರಂಗಿಲ್ಲ."

"ಹತ್ತಿಸಬ್ಯಾಡ್ರಿ!" ಬಸ್ಸಿಗೆ ಬಸ್ಸೇ ಕೂಗಿತು.

"ಮೂರನೇ ನೀರು ಆಗ್ಲಿ, ಆಮ್ಯಾಲ ಬಾರವ್ವ" ಎಂದು ಸೀಟಿ ಊದಿದೆ.

ಮೂರನೇ ದಿನ ಅವಳು ಹಸಿ ತಲೆಯಲ್ಲಿ ಅಲ್ಲೇ ನಿಂತಿದ್ದಳು. ಕೈ ಮಾಡಲಿಲ್ಲ. ನಾನೇ ಬಸ್ಸು ನಿಲ್ಲಿಸಿ ಕರೆದೆ.

"ಇನ್ನ ಎಲ್ಲಿಗೆ ಬರ್ಲಿ ಅಣ್ಣ? ನಿನ್ನಿ ಮಣ್ಣು ಮಾಡಿದ್ರು."

ಕಂಡಕ್ಟರ್ ಸೀಟಿನಲ್ಲಿ ಇಬ್ಬರು ಕೂರಬಹುದು. ನನಗಂತೂ ಚಿಕ್ಕಂದಿನಲ್ಲೇ ಅಮ್ಮ ಬಂದುಹೋಗಿತ್ತು. ದಿನಾ ಕನ್ನಡಿಯಲ್ಲಿ ಆ ಕಲೆಗಳನ್ನು ನೋಡಿಕೊಂಡೇ ಗಡ್ಡ ಕೆರೆದುಕೊಳ್ಳುತ್ತೇನೆ.